ಜಿಸೆಲ್ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು

ಮಗಳು ಧಾರವಾಡದಿಂದ ರಜೆಗೆ ಬಂದಿದ್ದಳು. ಕುಮಟಾದಲ್ಲಿ ಜಡಿಮಳೆ. ಆಷಾಢ ಅಂದರೆ ಯಕ್ಷಗಾನದ ಆಟವೂ ಇಲ್ಲ, ನನ್ನ ಟೇಲರಿಂಗ್ ಅಂಗಡಿಗೆ ಗಿರಾಕಿಯೂ ಇಲ್ಲ. "ಅಮ್ಮಾ, ಇದನ್ನ ನೀನು ನೋಡಲೇಬೇಕು" ಎಂದು ಲ್ಯಾಪ್‌ಟಾಪನ್ನು ಮಷಿನ್ ಮೇಲೇ ಇಟ್ಟಳು. ಬ್ಯಾಲೆ, ಮಾತಿಲ್ಲದೆ ಕುಣಿತದಲ್ಲೇ ಕಥೆ ಹೇಳುವ ವಿದೇಶಿ ನೃತ್ಯ. ಹೆಸರು 'ಜಿಸೆಲ್'.

ಮೊದಲು ಹಳೇ ಕಥೆ ಹೇಳಿದಳು. 1841ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಸಲ ಆಡಿದ್ದಂತೆ. ಜಿಸೆಲ್ ಹಳ್ಳಿ ಹುಡುಗಿ. ದೊಡ್ಡ ಮನೆತನದ ಆಲ್‌ಬ್ರೆಕ್ಟ್ ರೈತನ ವೇಷದಲ್ಲಿ ಬಂದು ಅವಳನ್ನು ಒಲಿಸಿಕೊಳ್ಳುತ್ತಾನೆ. ಅವನಿಗೆ ಆಗಲೇ ಬೇರೆ ಹೆಣ್ಣು ಗೊತ್ತಾಗಿದೆ. ಗುಟ್ಟು ಒಡೆದಾಗ ಇವಳಿಗೆ ಬುದ್ಧಿ ಕೆಟ್ಟು ಸಾಯುತ್ತಾಳೆ. ಆಮೇಲೆ 'ವಿಲಿ'ಗಳು ಬರುತ್ತವೆ. ಮೋಸಹೋಗಿ ಸತ್ತ ಹುಡುಗಿಯರ ದೆವ್ವಗಳು. ಗಂಡಸರನ್ನು ಕುಣಿಸಿ ಕುಣಿಸಿಯೇ ಕೊಲ್ಲುತ್ತವೆ. ಮೋಹಿನಿ ಕಥೆ ಕೇಳಿ ಬೆಳೆದ ನನಗೆ ಹೊಸದೇನೂ ಅನಿಸಲಿಲ್ಲ.

ನಾವು ನೋಡಿದ್ದು ನೃತ್ಯ ಸಂಯೋಜಕ ಅಕ್ರಮ್ ಖಾನ್ ಅವರ ಜಿಸೆಲ್. ಬಾಂಗ್ಲಾದೇಶ ಮೂಲದ ಮನೆಯವರು, ಲಂಡನ್‌ನಲ್ಲಿ ಹುಟ್ಟಿ ಕಥಕ್ ಕಲಿತವರು. 2016ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಎಂಬ ತಂಡಕ್ಕೆ ಮಾಡಿಕೊಟ್ಟಿದ್ದು. ಇಲ್ಲಿ ಜಿಸೆಲ್ ವಲಸೆ ಬಂದ ಗಾರ್ಮೆಂಟ್ಸ್ ಹುಡುಗಿ. ಫ್ಯಾಕ್ಟರಿ ಮುಚ್ಚಿದೆ. ಸ್ಟೇಜ್ ಅಗಲಕ್ಕೂ ಒಂದು ಗೋಡೆ, ಅದರ ಮೇಲೆ ಅಂಗೈ ಗುರುತುಗಳು. ಗೋಡೆಯಾಚೆ ಒಡೆಯರು.

ನಾನು ಬೆಂಗಳೂರಲ್ಲಿ ಏಳು ವರ್ಷ ಗಾರ್ಮೆಂಟ್ಸ್‌ಗೆ ಹೋದವಳು. ಕಾಲರ್ ಕೂರಿಸುವ ಕೆಲಸ. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಬರೆದಿರುತ್ತಿದ್ದರು. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕಾಗುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಊಟದ ಡಬ್ಬಿ ಹಿಡಿದು ಮಧ್ಯಾಹ್ನದವರೆಗೂ ನಿಂತೆವು. ತಗಡಿನ ಗೇಟು ಬಡಿದು ಬಡಿದು ಅಂಗೈ ಕೆಂಪಾಗಿತ್ತು. ಆ ಗೋಡೆ ಕಂಡ ಕೂಡಲೇ ನನ್ನ ಕೈ ತಾನಾಗೇ ಮಡಚಿಕೊಂಡಿತು.

ಗೋಡೆ ತಿರುಗುತ್ತದೆ. ಒಡೆಯರು ಈಚೆ ಬರುತ್ತಾರೆ, ಜೊತೆಗೆ ಆಲ್‌ಬ್ರೆಕ್ಟ್‌ಗೆ ಗೊತ್ತಾದ ಹೆಣ್ಣು ಬಥಿಲ್ಡ್. ಹಳೇ ಬ್ಯಾಲೆಯಲ್ಲೂ ಜಿಸೆಲ್ ಅವಳ ಗೌನ್ ಮುಟ್ಟುತ್ತಾಳಂತೆ, ಎಷ್ಟು ಚಂದ ಅಂತ. ಇಲ್ಲಿ ಹಾಗಲ್ಲ. ಆ ಗೌನ್ ತನ್ನ ಕೈಯ ಕೆಲಸ ಅಂತ ಅವಳಿಗೆ ಗುರುತು ಸಿಗುತ್ತದೆ. "ಸ್ವಲ್ಪ ಹಿಂದೆ ಹಾಕು" ಎಂದೆ ಮಗಳಿಗೆ. ಮೂರು ಸಲ ನೋಡಿದೆ.

ನಮ್ಮ ಅಪ್ಪ ಒಂದೇ ಯಕ್ಷಗಾನ ಪ್ರಸಂಗಕ್ಕೆ ಹತ್ತು ಸಲ ಹೋಗುತ್ತಿದ್ದರು. ಅಮ್ಮ ಬೈದರೆ, "ಪದ್ಯ ಅದೇ ಮಾರಾಯ್ತಿ, ಇವತ್ತು ಅರ್ಥ ಹೇಳುವವ ಬೇರೆ" ಎನ್ನುತ್ತಿದ್ದರು. ಅಕ್ರಮ್ ಖಾನ್ ಮಾಡಿದ್ದೂ ಇದೇ ಅಲ್ವಾ? ಕಥೆ ಅದೇ. ವೇಷ ಹಾಕಿ ಬಂದವನಿಗೆ ವೇಷ ಕಳಚಿ ಮನೆಗೆ ಹೋಗುವ ದಾರಿ ಇದೆ, ಅವಳಿಗೆ ಇಲ್ಲ. ಇದನ್ನು ಅವರು ಒತ್ತಿ ಹೇಳಿದರು.

ಎರಡನೇ ಅಂಕದ ವಿಲಿಗಳು ಪಾಳುಬಿದ್ದ ಫ್ಯಾಕ್ಟರಿಯ ಸತ್ತ ಕೆಲಸಗಾರ್ತಿಯರು. ಕೂದಲು ಬಿಚ್ಚಿ, ಕೈಯಲ್ಲಿ ಉದ್ದ ಕೋಲು ಹಿಡಿದು, ಕಾಲ್ಬೆರಳ ತುದಿಯ ಮೇಲೆ ಬರುತ್ತಾರೆ. ಸತ್ತ ಮೇಲೂ ಫ್ಯಾಕ್ಟರಿ ಬಿಟ್ಟಿಲ್ಲ. ಅಲ್ಲಿ ಅತ್ತುಬಿಟ್ಟೆ. ಜಿಸೆಲ್ ಅವನನ್ನು ಉಳಿಸುತ್ತಾಳೆ, ಆದರೆ ಕೊನೆಗೆ ಅವನೂ ಗೋಡೆಯ ಹೊರಗೆ ಒಬ್ಬನೇ.

ಅಂಕೋಲೆಯಲ್ಲಿರುವ ಗೆಳತಿಗೂ ಆ ಗೌನಿನ ತುಣುಕು ಕಳಿಸಿದೆ. ಗಾರ್ಮೆಂಟ್ಸ್‌ನಲ್ಲಿ ಅದೇ ಲೈನಿನಲ್ಲಿ ನನ್ನ ಪಕ್ಕದ ಮಷಿನ್ ಅವಳದ್ದು. ರಾತ್ರಿ ಫೋನ್ ಮಾಡಿದಳು.

"ಆ ಹುಡ್ಗಿ ಗೌನ್ ನೋಡುದಲ್ಲ ಮಾರಾಯ್ತಿ, ಹೊಲಿಗೆ ನೋಡುದು."

"ಹೌದೇ, ಹೊಲಿಗೇನೇ" ಎಂದೆ.