ಪ್ಯಾಕಿಂಗ್ ಪೆಟ್ಟಿಗೆ ಮರಕ್ಕೆ ಯಾವ ಪಾಲಿಶ್?

ಸಾಗರದಿಂದ ಬಂದ ಅಪ್ಪ ಚೀಲ ಕೆಳಗಿಟ್ಟವರೇ ನಾನು ಮಾಡಿದ ಮೇಜನ್ನು ಒಂದು ಸುತ್ತು ಬಂದು ನೋಡಿದರು. ಹೆಬ್ಬೆರಳ ಉಗುರಿನಿಂದ ಹಲಗೆಯನ್ನು ಒತ್ತಿದರು. ಗುರುತು ಬಿತ್ತು.

"ಇದು ಪ್ಯಾಕಿಂಗ್ ಪೆಟ್ಟಿಗೆ ಮರ ಅಲ್ವೇನೇ?"

ಹೌದು, ಅದೇ. ಪೀಣ್ಯದ ಕಡೆ ಹಳೇ ಪ್ಯಾಲೆಟ್, ಅಂದರೆ ಸರಕು ಸಾಗಿಸಲು ಅಡಿಗೆ ಇಡುವ ಮರದ ಚೌಕಟ್ಟು, ಬಿಚ್ಚಿ ಮಾರುವ ಅಂಗಡಿಯಿಂದ ತಂದ ಪೈನ್. ಹಲಗೆ ಆರಿಸುವಾಗ ನಾನು ಮೊದಲು ನೋಡುವುದು ಮುದ್ರೆ. ಎಚ್‌ಟಿ ಅಂತಿದ್ದರೆ ಮರವನ್ನು ತಿರುಳಿನವರೆಗೂ 56 ಡಿಗ್ರಿಗೆ 30 ನಿಮಿಷ ಕಾಯಿಸಿ ಹುಳ ಸಾಯಿಸಿದ್ದಾರೆ ಅಂತ ಅರ್ಥ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು. ಅದನ್ನು ಮುಟ್ಟುವುದೇ ಇಲ್ಲ. ಮಗಳು ಕೂತು ಓದುವ ಮೇಜು ನೋಡಿ.

ಹೊನ್ನೆ ಮರದ ಕುರ್ಚಿಯಲ್ಲಿ ಕೂತು, ಹಲಸಿನ ಬಾಗಿಲು ತೆಗೆದು ಹಾಕಿ ಬೆಳೆದವರಿಗೆ ಪೈನ್ ಮರವೇ ಅಲ್ಲ. ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಉಗುರಿನ ಗುರುತು ನನ್ನ ತಲೆಯಲ್ಲೇ ಕೂತುಬಿಟ್ಟಿತು. ಅವರು ಊರಿಗೆ ಹೋದ ವಾರವೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ 'ತೇಗದ ಬಣ್ಣ' ಅಂತ ಬರೆದಿದ್ದ ಒಂದು ಡಬ್ಬಿ ಸ್ಟೇನ್ ತಂದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದು.

ಬಟ್ಟೆಯಲ್ಲಿ ಅದ್ದಿ ಒರೆಸಿದೆ. ಐದೇ ನಿಮಿಷದಲ್ಲಿ ಮೇಜು ಚಿರತೆಯ ಚರ್ಮದ ಹಾಗಾಯಿತು. ಅಲ್ಲಲ್ಲಿ ಕಪ್ಪು ಮಚ್ಚೆ, ನಡುವೆ ಏನೂ ಹಿಡಿಯದ ಬಿಳಿ. ಬಗ್ಗಿ ಹತ್ತಿರದಿಂದ ನೋಡಿದಾಗ ಇನ್ನೊಂದು ವಿಚಿತ್ರ ಕಂಡಿತು. ಪೈನ್‌ನಲ್ಲಿ ಅಗಲವಾದ ಬಿಳಿ ಪಟ್ಟಿ, ಪಕ್ಕದಲ್ಲಿ ತೆಳ್ಳಗಿನ ಕಂದು ಗೆರೆ, ಮತ್ತೆ ಬಿಳಿ ಪಟ್ಟಿ, ಹೀಗಿರುತ್ತದೆ. ಬಿಳಿ ಪಟ್ಟಿ ಮರ ಬೇಗ ಬೇಗ ಬೆಳೆಯುವಾಗ ಆದದ್ದು, ಅದು ಮೆತ್ತಗೆ. ಕಂದು ಗೆರೆ ಆಮೇಲೆ ನಿಧಾನಕ್ಕೆ ಬೆಳೆದಾಗ ಆದದ್ದು, ಅದು ಗಟ್ಟಿ. ಮೆತ್ತಗಿನ ಪಟ್ಟಿ ಬಣ್ಣವನ್ನು ರಸ್ಕಿನ ಹಾಗೆ ಹೀರಿಕೊಂಡಿತು. ಗಟ್ಟಿ ಗೆರೆ ಮುಟ್ಟಲೇ ಇಲ್ಲ. ಬಿಳಿ ಇದ್ದದ್ದು ಕಪ್ಪಾಯಿತು, ಕಂದು ಇದ್ದದ್ದು ಬೆಳ್ಳಗೆ ಎದ್ದು ಕಂಡಿತು. ಹಳೇ ಫೋಟೋ ನೆಗೆಟಿವ್ ನೋಡಿದ್ದೀರಲ್ವಾ, ಥೇಟ್ ಹಾಗೆ.

ಎರಡು ಭಾನುವಾರ ಉಜ್ಜಿದೆ. 80ರ ಎಮರಿ ಪೇಪರ್ (ಅಂಕಿ ಏರಿದಷ್ಟೂ ನಯ), ಆಮೇಲೆ 120, 180, ಕೊನೆಗೆ 220. ಬಾಲ್ಕನಿಯಿಂದ ಹಾರಿದ ಹೊಟ್ಟು ಕೆಳಗಿನ ಮನೆಯವರು ಒಣಗಿಸಲು ಇಟ್ಟಿದ್ದ ಹಪ್ಪಳದ ಮೇಲೆ ಕೂತು ಅದಕ್ಕೂ ಒಂದು ಪಂಚಾಯಿತಿ ಆಯಿತು. ಆ ಕತೆ ಬೇಡ ಬಿಡಿ.

ಆಮೇಲೆ ಬುದ್ಧಿ ಬಂತು. ಉಳಿದಿದ್ದ ತುಂಡುಗಳನ್ನು ತೆಗೆದುಕೊಂಡು ಒಂದೊಂದಕ್ಕೆ ಒಂದೊಂದು ಬಳಿದು, ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆದು, ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೆಲಮೈನ್ ಅನ್ನುವ ಪಾಲಿಶ್ ಶುರುವಿನಲ್ಲೇ ಕೈಬಿಟ್ಟೆ. ಗಟ್ಟಿಯಾಗಿ ಕೂರುತ್ತದೆ, ನಿಜ. ಆದರೆ ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ ಆ ಥಿನ್ನರ್ ವಾಸನೆ ಇಟ್ಟುಕೊಂಡು ಅನ್ನ ಉಣ್ಣೋದು ಹೇಗೆ? ಉಳಿದದ್ದು ಮೂರು: ಅಗಸೆ ಎಣ್ಣೆ, ಅರಗು, ನೀರಿನ ಪಿಯು (ಥಿನ್ನರ್ ಬದಲು ನೀರಿನಲ್ಲಿ ಬರುವ ಪಾಲಿಯುರೆಥೇನ್ ವಾರ್ನಿಶ್).

ಅಗಸೆ ಎಣ್ಣೆ ಹಚ್ಚುವುದು ಸುಲಭ. ಬಟ್ಟೆಯಲ್ಲಿ ಒರೆಸು, ಹತ್ತು ಹದಿನೈದು ನಿಮಿಷ ಬಿಡು, ಹೆಚ್ಚಾದದ್ದನ್ನು ಒರೆಸಿ ತೆಗಿ. ಹಸಿ ಎಣ್ಣೆ ದಿನಗಟ್ಟಲೆ ಅಂಟಂಟು, ಹಾಗಾಗಿ 'ಬಾಯಿಲ್ಡ್' ಅಂತ ಸಿಗುವುದನ್ನು ತಂದೆ. ಹೆಸರು ಹಾಗಿದ್ದರೂ ಈಗ ಅಂಗಡಿಯಲ್ಲಿ ಸಿಗುವುದನ್ನು ಕುದಿಸಿರುವುದಿಲ್ಲ, ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ. ಮರ ಜೇನಿನ ಬಣ್ಣಕ್ಕೆ ತಿರುಗಿ ತುಂಬಾ ಚೆನ್ನಾಗಿ ಕಾಣುತ್ತದೆ. ಭಯ ಇರುವುದು ಒರೆಸಿದ ಬಟ್ಟೆಯದು. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗಲಾರದೆ ತಾನಾಗೇ ಬೆಂಕಿ ಹತ್ತಬಹುದು. ನಾನು ಬಟ್ಟೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಇಡುತ್ತೇನೆ. ಫೋನಿನಲ್ಲಿ ಇದನ್ನು ಹೇಳಿದರೆ ಅಪ್ಪ, "ಪಕ್ಕದಲ್ಲಿ ಅರಗೂ ಇದೆ, ಸ್ಪಿರಿಟ್ಟೂ ಇದೆ. ಪಾಂಡವರಿಗಾದರೂ ಸುರಂಗ ಇತ್ತು, ನಿನಗೆ ಲಿಫ್ಟೂ ಕೆಟ್ಟಿದೆ" ಅಂದರು.

ಅರಗು ನನಗೆ ಎಲ್ಲಕ್ಕಿಂತ ಇಷ್ಟ. ಚನ್ನಪಟ್ಟಣದ ಗೊಂಬೆಯ ಮೇಲೆ ಇರುವುದು ಅದೇ. ಅಲ್ಲಿ ಆಲೆ ಮರದ ತುಂಡು ಲೇತ್ ಯಂತ್ರದಲ್ಲಿ ಗಿರಗಿರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ತಾಳೆ (ಕೇದಗೆ) ಗರಿ ಒತ್ತಿ ಹೊಳಪು ತರುತ್ತಾರೆ. ಮೇಜನ್ನು ಹಾಗೆ ತಿರುಗಿಸಲು ಆಗುವುದಿಲ್ಲವಲ್ಲ. ಹಾಗಾಗಿ ಅರಗಿನ ಚಕ್ಕೆ 50 ಗ್ರಾಂ, ಪಾಲಿಶ್ ಸ್ಪಿರಿಟ್ 250 ಎಂಎಲ್, ಒಂದು ಉಪ್ಪಿನಕಾಯಿ ಬಾಟಲಿ. ಒಂದು ರಾತ್ರಿ ಬಿಟ್ಟರೆ ಕರಗುತ್ತದೆ. ಅಲುಗಾಡಿಸದೆ ಇನ್ನೂ ಕೆಲವು ದಿನ ಬಿಟ್ಟರೆ ಅದರಲ್ಲಿರುವ ಮೇಣ ಕೆಳಗೆ ಕೂರುತ್ತದೆ. ಆಮೇಲೆ ತಿಳಿಸಾರು ಬಗ್ಗಿಸಿದ ಹಾಗೆ ಮೇಲಿನದನ್ನಷ್ಟೇ ಬಗ್ಗಿಸಿಕೊಳ್ಳಬೇಕು. ಬಾಟಲಿ ಮೇಲೆ ತಾರೀಕು ಬರೆದಿಡಿ. ಕಲಸಿ ತುಂಬಾ ತಿಂಗಳಾದ ಅರಗು ಸರಿಯಾಗಿ ಒಣಗದೆ ಅಂಟುತ್ತದೆ.

ಜುಲೈ ತಿಂಗಳು, ಸಂಜೆ ಜಿಟಿಜಿಟಿ ಮಳೆ. ಆತುರ ತಡೆಯದೆ ಬಳಿದೆ. ಹತ್ತು ನಿಮಿಷಕ್ಕೆ ಹಲಗೆಯ ಮೇಲೆ ಬಿಳೀ ಮಂಜು ಕವಿದಂತಾಯಿತು. ಸ್ಪಿರಿಟ್ ಆರುವಾಗ ಹಲಗೆಯ ಮೈ ತಣ್ಣಗಾಗಿ ಗಾಳಿಯಲ್ಲಿದ್ದ ನೀರು ಒಳಗೆ ಸಿಕ್ಕಿಹಾಕಿಕೊಂಡಿದೆ ಅಷ್ಟೆ. ಬಿಸಿಲು ಬಂದ ದಿನ ಬರೀ ಸ್ಪಿರಿಟ್ ತೇವದ ಬಟ್ಟೆಯಿಂದ ಒಂದು ಸಲ ಸವರಿದೆ, ಹೋಯಿತು. ಅರಗಿನ ದೊಡ್ಡ ಗುಣ ಇದು. ಅದರ ತಪ್ಪನ್ನು ಅದರ ಸ್ಪಿರಿಟ್ಟೇ ತೊಳೆಯುತ್ತದೆ.

ಪರೀಕ್ಷೆ ಮಾಡಿದ್ದು ಕಾಫಿ ಲೋಟ. ಸ್ಟೀಲ್ ಲೋಟದಲ್ಲಿ ಬಿಸಿ ಬಿಸಿ ಕಾಫಿ ಹಾಕಿ ಒಂದೊಂದು ತುಂಡಿನ ಮೇಲೂ ಹತ್ತು ನಿಮಿಷ ಇಟ್ಟೆ. ಅರಗಿನ ಮೇಲೆ ಬೆಳ್ಳಗಿನ ಬಳೆ ಮೂಡಿತು. ಅಗಸೆ ಎಣ್ಣೆಯ ಮೇಲೆ ಮಸುಕಾದ ಕಪ್ಪು ಬಳೆ. ಪಿಯು ಮೇಲೆ ಏನೂ ಇಲ್ಲ. ನನ್ನ ಮಗಳು ನೀರಿನ ಬಾಟಲಿ, ಹಾಲಿನ ಲೋಟ, ಸಾಸ್ ಮೆತ್ತಿದ ತಟ್ಟೆ ಎಲ್ಲ ಮೇಜಿನ ಮೇಲೇ ಇಡುವವಳು. ಇಷ್ಟ ಅಂತ ಅರಗು ಹಚ್ಚಿ ದಿನಾ ಅವಳ ಮೇಲೆ ಕೂಗಾಡಲು ನನಗೆ ಮನಸ್ಸಿರಲಿಲ್ಲ.

ಕೊನೆಗೆ ಹೀಗೆ ಮಾಡಿದೆ. ಪೈನ್‌ನ ಗಂಟುಗಳಲ್ಲಿ ರಾಳ ಇರುತ್ತದೆ, ಎಷ್ಟೋ ತಿಂಗಳ ಮೇಲೂ ಅದು ಮೇಲೆ ಒಸರಿ ಹಳದಿ ಕಲೆ ಮಾಡುತ್ತದೆ. ಅದನ್ನು ತಡೆಯಲು ಗಂಟಿನ ಮೇಲೆ ತಿಳಿ ಅರಗು ಎರಡು ಕೈ. ತಿಳಿಯೇ ಯಾಕೆ ಅಂದರೆ, ಮೇಣ ಉಳಿದಿದ್ದರೆ ಮೇಲಿನ ಪಿಯು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೂ ಮುಂಚೆ ಇಡೀ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ನೀರು ತಾಗಿದರೆ ಮರದ ನಾರು ಗಡ್ಡದ ಹಾಗೆ ಎದ್ದು ನಿಲ್ಲುತ್ತದೆ. ಅದನ್ನು ಮೊದಲೇ ಎಬ್ಬಿಸಿ, 220ರಲ್ಲಿ ಹಗುರಕ್ಕೆ ಬೋಳಿಸಿಬಿಟ್ಟರೆ ಪಿಯು ಹಾಕಿದಾಗ ಕಾಟ ಇಲ್ಲ. ಮೇಲೆ ನೀರಿನ ಪಿಯು ಮೂರು ಕೈ, ನಡುನಡುವೆ 320ರಲ್ಲಿ ಸುಮ್ನೆ ಸವರಿದ್ದು. ಹೊಳಪಿಲ್ಲದ ಮ್ಯಾಟ್ ತಗೊಂಡೆ. ಪೈನ್ ಮಿರಮಿರ ಮಿಂಚಿದರೆ ಹೋಟೆಲ್ ಟೇಬಲ್ ಥರ ಕಾಣುತ್ತದೆ.

ಪುಸ್ತಕದ ಕಪಾಟಿಗೆ ಪೂರ್ತಿ ಅರಗೇ ಹಚ್ಚಿದೆ. ಅಲ್ಲಿ ಕಾಫಿ ಇಡುವವರು ಯಾರೂ ಇಲ್ಲ. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳಲು ಕೂರುವ ಮಣೆಗೆ ಅಗಸೆ ಎಣ್ಣೆ. ಅದು ಗೀಚಿದರೆ ಇನ್ನೊಂದು ಸಲ ಒರೆಸಿದರಾಯಿತು.

ಬಣ್ಣದ ಚಿಂತೆಯನ್ನು ಬಿಸಿಲೇ ಬಗೆಹರಿಸಿತು. ಕಿಟಕಿ ಪಕ್ಕದಲ್ಲಿದ್ದ ಮೇಜು ಒಂದು ವರ್ಷದಲ್ಲಿ ತಾನಾಗೇ ಹಳದಿಗೆ ತಿರುಗಿದೆ. ಸದಾ ಒಂದೇ ಕಡೆ ಇರುವ ಜಾಮಿಟ್ರಿ ಬಾಕ್ಸ್ ಎತ್ತಿದರೆ ಅದರ ಅಡಿಯಲ್ಲಿ ಮಾತ್ರ ಬೆಳ್ಳಗಿನ ಚೌಕ.

ಮೊನ್ನೆ ಅಪ್ಪ ಮತ್ತೆ ಬಂದಿದ್ದರು. ಕೈಯಾಡಿಸಿ, "ನುಣ್ಣಗಾಗಿದೆ" ಅಂದರು. ಆಮೇಲೆ ಅದೇ ಉಗುರು. ಗುರುತು ಬಿತ್ತು. ಬೀಳದೇ ಇರುತ್ತದಾ? ಪಿಯು ಮೇಲಿನ ಪೊರೆ, ಒಳಗಿನ ಮರ ಮೆತ್ತಗೇ ಇದೆ. ಮಗಳು ಬಾಲ್ ಪೆನ್ ಒತ್ತಿ ಲೆಕ್ಕ ಮಾಡಿದ್ದೆಲ್ಲ ಹಾಳೆ ದಾಟಿ ಹಲಗೆಗೆ ಇಳಿದಿದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಸ್ಪಷ್ಟವಾಗಿ ಓದಬಹುದು. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು: 7 × 8 = 54.

"ಮರ ಇರಲಿ," ಅಂದರು, "ಮೊದಲು ಇವಳಿಗೆ ಮಗ್ಗಿ ಹೇಳಿಕೊಡು."