ಒಂದೇ ಪ್ರಶ್ನೆ, ಮೂರು ಮತದಾನ: ನ್ಯೂ ಕ್ಯಾಲೆಡೋನಿಯಾದಲ್ಲಿ ಪಟ್ಟಿ ಮತ್ತು ತಾರೀಖು ಮಾಡಿದ್ದೇನು

2021ರ ಡಿಸೆಂಬರ್ 12ರಂದು ನ್ಯೂ ಕ್ಯಾಲೆಡೋನಿಯಾದ ಮತಗಟ್ಟೆಗಳಲ್ಲಿ ‘ಫ್ರಾನ್ಸಿನಿಂದ ಸ್ವಾತಂತ್ರ್ಯ ಬೇಡ’ ಎಂಬ ಉತ್ತರಕ್ಕೆ ಶೇ. 96.5 ಮತ ಬಿತ್ತು. ಈ ಅಂಕಿಯೊಂದನ್ನೇ ಓದಿದವರಿಗೆ ವಿಷಯ ಇತ್ಯರ್ಥವಾಯಿತು ಅನ್ನಿಸುತ್ತದೆ. ಆದರೆ ಹದಿನಾಲ್ಕು ತಿಂಗಳ ಹಿಂದೆ, ಅದೇ ನಿಯಮದ ಮತದಾರರ ಪಟ್ಟಿಯಲ್ಲಿ, ಅದೇ ಪ್ರಶ್ನೆಗೆ ಬೇಡ ಎಂದವರು ಶೇ. 53.26, ಬೇಕು ಎಂದವರು ಶೇ. 46.74. ಅಷ್ಟರಲ್ಲಿ ಜನರ ಮನಸ್ಸೇನೂ ತಿರುಗಿರಲಿಲ್ಲ. ಯಾರಿಗೆ ಮತ, ಯಾವ ದಿನ ಮತ ಎಂಬ ಎರಡು ತೀರ್ಮಾನಗಳು ಇಂಥ ಮತದಾನದಲ್ಲಿ ಎಷ್ಟು ಕೆಲಸ ಮಾಡುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಪೆಸಿಫಿಕ್ ಸಾಗರದ ಈ ದ್ವೀಪಸಮೂಹವನ್ನು ಫ್ರಾನ್ಸ್ ವಶಪಡಿಸಿಕೊಂಡದ್ದು 1853ರಲ್ಲಿ. 2019ರ ಜನಗಣತಿಯ ಪ್ರಕಾರ ಜನಸಂಖ್ಯೆ 2,71,407; ಅದರಲ್ಲಿ ಮೂಲನಿವಾಸಿ ಕನಾಕರು ಸುಮಾರು ಶೇ. 41, ಯೂರೋಪಿಯನ್ ಮೂಲದವರು ಸುಮಾರು ಶೇ. 24. ಉಳಿದವರಲ್ಲಿ ವಾಲಿಸ್-ಫುಟುನಾದಿಂದ ಬಂದವರು, ಮಿಶ್ರ ಮೂಲದವರು, ಏಷ್ಯಾ ಮೂಲದವರು ಇದ್ದಾರೆ. ಯಾವ ಗುಂಪಿಗೂ ಬಹುಮತ ಇಲ್ಲದ ಊರಿನಲ್ಲಿ ಮತದಾರರ ಪಟ್ಟಿಯ ನಿಯಮವೇ ಫಲಿತಾಂಶದ ಅರ್ಧ ಭಾಗ.

ಇದು 1987ರಲ್ಲೇ ಗೊತ್ತಾಗಿತ್ತು. ಆ ವರ್ಷದ ಸೆಪ್ಟೆಂಬರ್ 13ರ ಜನಮತಗಣನೆಯಲ್ಲಿ ಮೂರು ವರ್ಷ ವಾಸವಿದ್ದ ಯಾರು ಬೇಕಾದರೂ ಮತ ಹಾಕಬಹುದಿತ್ತು. ನಿನ್ನೆ ಮೊನ್ನೆ ಬಂದ ನೌಕರರೂ ನಮ್ಮ ನೆಲದ ಭವಿಷ್ಯ ತೀರ್ಮಾನಿಸುತ್ತಾರೆ ಎಂದು ಕನಾಕ್ ಸ್ವಾತಂತ್ರ್ಯವಾದಿ ಒಕ್ಕೂಟ ಎಫ್‌ಎಲ್‌ಎನ್‌ಕೆಎಸ್ ಬಹಿಷ್ಕಾರ ಹಾಕಿತು. ಫ್ರಾನ್ಸ್ ಪರ ಶೇ. 98 ದಾಟಿತು. ಮರುವರ್ಷವೇ ಊವೇಯಾ ದ್ವೀಪದ ಗುಹೆಯಲ್ಲಿ ಒತ್ತೆಯಾಳು ಬಿಕ್ಕಟ್ಟು ನಡೆದು, 1988ರ ಮೇ 5ರ ದಾಳಿಯಲ್ಲಿ 19 ಕನಾಕರು, ಇಬ್ಬರು ಸೈನಿಕರು ಸತ್ತರು. ಆ ರಕ್ತಪಾತದ ನಂತರ ಬಂದದ್ದು ಫ್ರಾನ್ಸ್ ಸರ್ಕಾರ, ಸ್ವಾತಂತ್ರ್ಯವಾದಿಗಳು, ಫ್ರಾನ್ಸ್ ಪರ ಪಕ್ಷದವರು ಸೇರಿ ಮಾಡಿಕೊಂಡ ಮಾತಿನ್ಯೋಂ ಒಪ್ಪಂದ. ಅದರ ಮುಂದುವರಿಕೆ 1998ರ ನೂಮೆಯಾ ಒಪ್ಪಂದ.

ನೂಮೆಯಾ ಒಪ್ಪಂದ ಮತ್ತು ಅದನ್ನು ಜಾರಿಗೆ ತಂದ 1999ರ ಕಾನೂನು ಸ್ವಾತಂತ್ರ್ಯದ ಪ್ರಶ್ನೆಯ ಮತದಾನಕ್ಕೆಂದೇ ಒಂದು ವಿಶೇಷ ಪಟ್ಟಿ ರೂಪಿಸಿದವು. ಅದರೊಳಗೆ ಸೇರಲು ಹಲವು ದಾರಿಗಳಿದ್ದವು. 1998ರಲ್ಲಿ ಈ ಒಪ್ಪಂದದ ಮೇಲೆ ನಡೆದ ಮತದಾನದಲ್ಲಿ ಹಕ್ಕು ಪಡೆದಿದ್ದವರು ನೇರವಾಗಿ ಒಳಗೆ. ಕನಾಕರ ಸಾಂಪ್ರದಾಯಿಕ ನಾಗರಿಕ ಸ್ಥಾನಮಾನ ಉಳ್ಳವರೂ ಒಳಗೆ. ಅಲ್ಲೇ ಹುಟ್ಟಿದವರು, ಅಥವಾ ತಂದೆತಾಯಿಯರಲ್ಲಿ ಒಬ್ಬರು ಅಲ್ಲಿ ಹುಟ್ಟಿದವರು, ತಮ್ಮ ಬದುಕಿನ ನೆಲೆ ಅದೇ ಎಂದು ತೋರಿಸಬೇಕು. ಹೊರಗಿನಿಂದ ಬಂದವರಿಗೆ 20 ವರ್ಷದ ನಿರಂತರ ವಾಸ ಬೇಕು, ಅದೂ 2014ರ ಡಿಸೆಂಬರ್ 31ರೊಳಗೆ ತುಂಬಿರಬೇಕು. ಅಂದರೆ 1994ರ ಕೊನೆಯೊಳಗೆ ಬಂದು ನೆಲೆಸಿದವರಿಗಷ್ಟೇ ಈ ದಾರಿ. ಓದು, ಸೈನಿಕ ಸೇವೆ, ಚಿಕಿತ್ಸೆ, ಕೆಲಸ ಎಂದು ನಡುವೆ ಹೊರಗೆ ಹೋಗಿ ಬಂದರೆ ನಿರಂತರತೆ ಕಡಿಯುವುದಿಲ್ಲ.

ಕಾಗದದ ಮೇಲೆ ಇದು ಅಚ್ಚುಕಟ್ಟಾಗಿದೆ. ಎಡವಿದ್ದು ಒಂದು ಸಣ್ಣ ಷರತ್ತಿನಲ್ಲಿ: ವಿಶೇಷ ಪಟ್ಟಿಗೆ ಬರಬೇಕಾದರೆ ಮೊದಲು ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಫ್ರೆಂಚ್ ಚುನಾವಣೆಗಳಿಂದ ದೂರ ಉಳಿದಿದ್ದ ಸಾವಿರಾರು ಕನಾಕರ ಹೆಸರು ಅಲ್ಲೇ ಇರಲಿಲ್ಲ. ಯಾರಿಗಾಗಿ ಪಟ್ಟಿ ಮಾಡಿದರೋ ಅವರೇ ಹೊರಗೆ ಉಳಿಯುವ ಸ್ಥಿತಿ ಬಂತು. ಕೊನೆಗೆ 2018ರಲ್ಲಿ ಕಾನೂನು ತಿದ್ದಿ, ಅರ್ಜಿ ಇಲ್ಲದೆಯೇ ಹೆಸರು ಸೇರಿಸುವ ವ್ಯವಸ್ಥೆ ಮಾಡಿದರು. ಮೊದಲ ಮತದಾನದ ಹೊತ್ತಿಗೆ ವಿಶೇಷ ಪಟ್ಟಿಯಲ್ಲಿ 1,74,165 ಹೆಸರುಗಳಿದ್ದವು. ಸಾಮಾನ್ಯ ಪಟ್ಟಿಯಲ್ಲಿದ್ದ ಸುಮಾರು 35,000 ಮಂದಿಗೆ ಈ ಪ್ರಶ್ನೆಯ ಮೇಲೆ ಮತವಿರಲಿಲ್ಲ. ಅಂಥವರ ಅಸಮಾಧಾನವೂ ನಿಜವೇ. ಆದರೂ ಎರಡೂ ಕಡೆಯವರು ಸಹಿ ಹಾಕಿದ ಪಟ್ಟಿ ಇದು ಎಂಬ ಕಾರಣಕ್ಕೆ ಇದು ನ್ಯಾಯವಾದದ್ದು ಎಂದೇ ನನ್ನ ನಿಲುವು.

ಮತದಾನದ ದಿನದ ಕ್ರಮ ಸರಳ. ಗುರುತಿನ ಚೀಟಿ ತೋರಿಸಿ, ‘ಹೌದು’ ಮತ್ತು ‘ಇಲ್ಲ’ ಎಂದು ಮುದ್ರಿಸಿದ ಎರಡು ಚೀಟಿ, ಒಂದು ಲಕೋಟೆ ತೆಗೆದುಕೊಳ್ಳಬೇಕು. ಪರದೆಯ ಹಿಂದೆ ಒಂದು ಚೀಟಿಯನ್ನು ಲಕೋಟೆಯೊಳಗಿಟ್ಟು, ಪಾರದರ್ಶಕ ಮತಪೆಟ್ಟಿಗೆಗೆ ಹಾಕಿ, ಪಟ್ಟಿಯಲ್ಲಿ ಸಹಿ ಮಾಡಬೇಕು. ಎರಡೂ ಚೀಟಿ ಒಟ್ಟಿಗೆ ಇಟ್ಟರೆ ಮತ ಅಸಿಂಧು. ಲಕೋಟೆ ಖಾಲಿ ಇದ್ದರೆ ಖಾಲಿ ಮತ, ಶೇಕಡಾವಾರು ಲೆಕ್ಕಕ್ಕೆ ಬರುವುದಿಲ್ಲ. ಲಿಫೂ, ಮಾರೆ, ಊವೇಯಾದಂಥ ದ್ವೀಪಗಳ ಪಟ್ಟಿಯಲ್ಲಿದ್ದು ಕೆಲಸಕ್ಕಾಗಿ ಮುಖ್ಯ ದ್ವೀಪದಲ್ಲಿರುವವರಿಗೆ, ಮೊದಲೇ ಕೇಳಿಕೊಂಡರೆ, ರಾಜಧಾನಿ ನೂಮೆಯಾದಲ್ಲೇ ಮತಗಟ್ಟೆ ತೆರೆದಿದ್ದರು. ವಿಮಾನ, ದೋಣಿಯ ಖರ್ಚಿಗೆ ಹೆದರಿ ಮತ ತಪ್ಪಿಸಿಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ವಿಶ್ವಸಂಸ್ಥೆಯ ಪರಿಣತರು ಪಕ್ಕದಲ್ಲಿದ್ದು ನೋಡಿದರು. ಮತಗಟ್ಟೆಯೊಳಗಿನ ಕೆಲಸದ ಬಗ್ಗೆ ಗಂಭೀರ ದೂರು ಯಾರದ್ದೂ ಇಲ್ಲ.

2018ರ ನವೆಂಬರ್ 4ರಂದು ಶೇ. 81 ಮಂದಿ ಬಂದರು: ಬೇಡ 78,734, ಬೇಕು 60,199. ಒಪ್ಪಂದದ ಪ್ರಕಾರ ಉತ್ತರ ‘ಇಲ್ಲ’ ಎಂದಾದರೆ 54 ಸದಸ್ಯರ ಕಾಂಗ್ರೆಸ್‌ನಲ್ಲಿ (ಅದು ಅಲ್ಲಿನ ಶಾಸನಸಭೆಯ ಹೆಸರು) ಮೂರನೇ ಒಂದು ಭಾಗ, ಅಂದರೆ 18 ಮಂದಿ, ಎರಡನೇ ಮತದಾನ ಕೇಳಬಹುದು, ಹೀಗೆಯೇ ಮೂರನೆಯದನ್ನೂ. 2020ರ ಅಕ್ಟೋಬರ್ 4ರಂದು ಹಾಜರಾತಿ ಶೇ. 85.69ಕ್ಕೆ ಏರಿತು: ಬೇಡ 81,503, ಬೇಕು 71,533. ಅಂತರ 9,970ಕ್ಕೆ ಇಳಿಯಿತು. ಎರಡು ವರ್ಷದಲ್ಲಿ ‘ಹೌದು’ ಹನ್ನೊಂದು ಸಾವಿರ ಮತ ಗಳಿಸಿತ್ತು. ಮೂರನೆಯದು ಹತ್ತಿರದ ಹಣಾಹಣಿಯೇ ಆಗಬೇಕಿತ್ತು.

ಮೂರನೆಯದಕ್ಕೆ ಕೋರಿಕೆ ಸಲ್ಲಿಕೆಯಾದದ್ದು 2021ರ ಏಪ್ರಿಲ್ 8ರಂದು. ಕೋರಿಕೆಯಿಂದ 18 ತಿಂಗಳೊಳಗೆ ಮತದಾನ ನಡೆಯಬೇಕು ಎಂಬುದು ಕಾನೂನು; ಹಾಗಾಗಿ 2022ರ ಅಕ್ಟೋಬರ್ ಆರಂಭದವರೆಗೂ ಅವಕಾಶವಿತ್ತು. ಫ್ರಾನ್ಸಿನ ಅಧ್ಯಕ್ಷೀಯ ಚುನಾವಣೆ 2022ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲೇ ಮುಗಿಸಬೇಕೆಂದು ಪ್ಯಾರಿಸ್ 2021ರ ಡಿಸೆಂಬರ್ 12 ಎಂದು ಘೋಷಿಸಿತು. ಸ್ವಾತಂತ್ರ್ಯವಾದಿಗಳು ಆಗಲೇ ಒಪ್ಪಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಕೋವಿಡ್ ದ್ವೀಪಕ್ಕೆ ಕಾಲಿಟ್ಟಿತು. ಕೆಲವೇ ತಿಂಗಳಲ್ಲಿ ಸುಮಾರು 280 ಮಂದಿ ಸತ್ತರು. ಕನಾಕರಲ್ಲಿ ಸಾವಿನ ವಿಧಿ ಒಂದೆರಡು ದಿನಕ್ಕೆ ಮುಗಿಯುವಂಥದ್ದಲ್ಲ. ಇಡೀ ಕುಲ ಸೇರಬೇಕು, ಅದು ದೀರ್ಘಕಾಲ ನಡೆಯುತ್ತದೆ. ಆ ಹೊತ್ತಿನಲ್ಲಿ ಮನೆಮನೆಗೆ ಹೋಗಿ ಪ್ರಚಾರ ಮಾಡುವುದು ಅವರಿಗೆ ಆಗದ ಮಾತು. ಮುಂದೂಡಿ ಎಂದು ಕೇಳಿದರು. ಸೋಂಕು ಇಳಿಯುತ್ತಿದೆ, ಅನಿಶ್ಚಿತತೆ ಎಳೆದಷ್ಟೂ ಆರ್ಥಿಕತೆಗೆ ಪೆಟ್ಟು ಎಂಬುದು ಫ್ರಾನ್ಸ್ ಪರ ಪಕ್ಷಗಳ ವಾದ, ಅದರಲ್ಲೂ ಹುರುಳಿತ್ತು. ಆದರೆ ಕಾನೂನಿನಲ್ಲೇ ಹತ್ತು ತಿಂಗಳ ಜಾಗವಿದ್ದಾಗ ಅದನ್ನು ಬಳಸದೇ ಹೋದದ್ದು ತಪ್ಪು. ಪ್ಯಾರಿಸ್ ಒಪ್ಪಲಿಲ್ಲ, ಉನ್ನತ ಆಡಳಿತ ನ್ಯಾಯಾಲಯವೂ ತಡೆಯಲಿಲ್ಲ. ಸ್ವಾತಂತ್ರ್ಯವಾದಿಗಳು ಮತಗಟ್ಟೆಗೆ ಹೋಗಬೇಡಿ ಎಂದು ಕರೆ ಕೊಟ್ಟರು.

ಈಗ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪಟ್ಟಿಯಲ್ಲಿದ್ದವರು 1,84,364, ಬಂದವರು ಶೇ. 43.87. ‘ಬೇಡ’ 75,720, ಹಿಂದಿನ ಸಲಕ್ಕಿಂತ ಐದೂವರೆ ಸಾವಿರಕ್ಕೂ ಹೆಚ್ಚು ಮತಗಳ ಇಳಿಕೆ. ‘ಬೇಕು’ 71,533ರಿಂದ 2,747ಕ್ಕೆ ಕುಸಿಯಿತು. ಕನಾಕರೇ ಹೆಚ್ಚಿರುವ ಲಾಯಲ್ಟಿ ದ್ವೀಪಗಳಲ್ಲಿ ಹಾಜರಾತಿ ಶೇ. 5 ಮುಟ್ಟಲಿಲ್ಲ. ನೋಂದಾಯಿತರ ಲೆಕ್ಕದಲ್ಲಿ ‘ಬೇಡ’ ಎಂದವರು 2018 ಮತ್ತು 2020ರಲ್ಲಿ ಸುಮಾರು ಶೇ. 45, 2021ರಲ್ಲಿ ಶೇ. 41. ಇಂಥ ಮತದಾನದ ಸುದ್ದಿ ಓದುವಾಗ ಶೇಕಡಾವಾರು ಬಿಟ್ಟು ಈ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಕನಿಷ್ಠ ಹಾಜರಾತಿಯ ಷರತ್ತು ನಿಯಮದಲ್ಲೇ ಇರಲಿಲ್ಲ, ಹಾಗಾಗಿ ಫಲಿತಾಂಶ ಕಾನೂನುಬದ್ಧ. 1987ರ ಶೇ. 98 ಕೂಡ ಕಾನೂನುಬದ್ಧವೇ ಆಗಿತ್ತು.

ಮೂರನೇ ಸಲವೂ ‘ಇಲ್ಲ’ ಎಂದು ಬಂದರೆ ಮುಂದೇನು ಎಂಬುದಕ್ಕೆ ಒಪ್ಪಂದದಲ್ಲಿರುವುದು ಒಂದೇ ಸಾಲು: ರಾಜಕೀಯ ಪಾಲುದಾರರು ಸೇರಿ ಉಂಟಾದ ಪರಿಸ್ಥಿತಿಯನ್ನು ಪರಿಶೀಲಿಸಬೇಕು. ಗಡುವಿಲ್ಲ, ಒಮ್ಮತ ಬಾರದಿದ್ದರೆ ಏನು ಎಂಬ ಮಾತಿಲ್ಲ. ಆ ಖಾಲಿ ಜಾಗದಲ್ಲೇ 2024ರ ಮೇ ತಿಂಗಳ ಬೆಂಕಿ ಹೊತ್ತಿತು. ಪ್ರಾಂತೀಯ ಚುನಾವಣೆಯ ಪಟ್ಟಿಯನ್ನು ಹತ್ತು ವರ್ಷ ವಾಸವಿದ್ದವರಿಗೆ ತೆರೆಯುವ ಮಸೂದೆಗೆ ಪ್ಯಾರಿಸ್‌ನಲ್ಲಿ ಮತ ಹಾಕುತ್ತಿದ್ದಾಗ ನೂಮೆಯಾ ಉರಿಯಿತು. ಮತ್ತೆ ಪಟ್ಟಿಯದೇ ಜಗಳ. ಮಸೂದೆ ನಿಂತಿತು. 2025ರ ಜುಲೈನಲ್ಲಿ ಪ್ಯಾರಿಸ್ ಬಳಿಯ ಬೂಜಿವಾಲ್‌ನಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಆಗಸ್ಟ್‌ನಲ್ಲಿ ಎಫ್‌ಎಲ್‌ಎನ್‌ಕೆಎಸ್ ಅದನ್ನು ತಿರಸ್ಕರಿಸಿತು.