ಬ್ಯಾರಲ್‌ಗೆ ಎಷ್ಟು ಹಾಕ್ಬೇಕು ಸಾರ್?

ಮೇ ತಿಂಗಳು ಬಂತೆಂದರೆ ಮೂಡಿಗೆರೆ ಕಡೆ ತೋಟಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಬೋರ್ಡೋ ಹೊಡೆದಾಯ್ತಾ? ಮುಂಗಾರು ಹಿಡಿಯುವ ಮೊದಲು ಅರೇಬಿಕಾ ಕಾಫಿ ಗಿಡಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಈ ದ್ರಾವಣ ಬೀಳದಿದ್ದರೆ ಎಲೆ ತುಕ್ಕು ರೋಗ ಜಾಸ್ತಿಯಾಗಿ ಗಿಡ ಬೋಳಾಗುತ್ತದೆ. ಈ ಸಲ ನಮ್ಮ ಚಿಕ್ಕಪ್ಪ ಅದನ್ನು ಮಾಡುವ ಕ್ರಮ ಬರೆದು ಊರಿನ ಬೆಳೆಗಾರರಿಗೆಲ್ಲ ವಾಟ್ಸಾಪ್‌ನಲ್ಲಿ ಕಳಿಸಬೇಕು ಅಂತ ಹೊರಟರು. ಭಾನುವಾರ ಬೆಳಿಗ್ಗೆ ನನ್ನನ್ನು ಕರೆದು, "ಇದನ್ನ ಒಂದ್ಸಲ ನೋಡಿ ಕಳಿಸ್ಬಿಡೋ ಮಾರಾಯ" ಅಂದರು.

ನೋಡಿದೆ. ಒಂದೇ ಪ್ಯಾರಾ, ಎಲ್ಲೂ ಉಸಿರು ಬಿಡಲು ಜಾಗವಿಲ್ಲ. ಶುರುವಾಗುವುದೇ ಫ್ರಾನ್ಸಿನಿಂದ. ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ಬೋರ್ಡೋ ಸೀಮೆಯ ರೈತರು ರಸ್ತೆ ಬದಿಯ ಬಳ್ಳಿಗೆ ಈ ನೀಲಿ ಮಿಶ್ರಣ ಎರಚುತ್ತಿದ್ದದ್ದು, ಅದರಿಂದ ರೋಗವೂ ನಿಲ್ಲುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ್ದು. ಆಮೇಲೆ ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಅದು 1925ರಲ್ಲಿ ಶುರುವಾದದ್ದು. ಆಮೇಲೆ ಅಳತೆ. ಕಬ್ಬಿಣದ ಪಾತ್ರೆ ಬಳಸಲೇಬಾರದು ಅನ್ನುವ ಮಾತು ಕಟ್ಟಕಡೆಯ ಸಾಲಿನಲ್ಲಿ. ಎಲ್ಲವೂ ನಿಜ, ಬರವಣಿಗೆಯೂ ಚೆನ್ನಾಗಿಯೇ ಇದೆ. ಲ್ಯಾಪ್‌ಟಾಪಿನ ಅಗಲ ಪರದೆಯಲ್ಲಿ ಅಂಥ ಕಷ್ಟವೂ ಅನಿಸಲಿಲ್ಲ.

ಆದರೆ ಓದುವವರು ಲ್ಯಾಪ್‌ಟಾಪ್ ಮುಂದೆ ಕೂತಿರುವುದಿಲ್ಲವಲ್ಲ. ಕಳಿಸುವ ಮೊದಲು ತೋಟಕ್ಕೆ ಹೋಗಿ, ಅಲ್ಲಿಯ ಕೆಲಸ ನೋಡಿಕೊಳ್ಳುವ ನಮ್ಮ ರೈಟರ್ ಫೋನಿಗೆ ಮಾತ್ರ ಅದನ್ನು ಹಾಕಿದೆ. ಅವರು ಕೆರೆ ಪಕ್ಕ ನೀಲಿ ಬ್ಯಾರಲ್ ತೊಳೆಸುತ್ತಿದ್ದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಬಿಸಿಲಿಗೆ ಅಂಗೈ ಮರೆಮಾಡಿ, ಫೋನನ್ನು ಹಿಂದೆ ಮುಂದೆ ಆಡಿಸಿದರು. ದ್ರಾಕ್ಷಿ ಕಳ್ಳರ ತನಕ ಓದಿದರು. ಅಲ್ಲಿಗೆ ಸಂದೇಶ ತುಂಡಾಗಿ, ಮಿಕ್ಕದ್ದನ್ನು ಓದಲು ಒತ್ತಿ ಅಂತ ಬಂತು. ಒತ್ತಿದರು, ಹೆಬ್ಬೆರಳಲ್ಲಿ ಸರ್ ಅಂತ ಕೆಳಗೆ ಜಾರಿಸಿದರು, ಮತ್ತೆ ಮೇಲೆ ಬಂದರು. ಆಮೇಲೆ ನನ್ನ ಮುಖ ನೋಡಿ, "ಬ್ಯಾರಲ್‌ಗೆ ಎಷ್ಟು ಹಾಕ್ಬೇಕು ಸಾರ್?" ಅಂದರು.

ಅಷ್ಟು ಸಾಕಾಯಿತು. ಅಲ್ಲೇ ಸಿಲ್ವರ್ ಮರದ ಬುಡದಲ್ಲಿ ಕೂತು ಇಡೀ ಬರಹವನ್ನು ಬಿಚ್ಚಿದೆ.

ಅಳತೆ ಮೊದಲ ಸಾಲಿಗೆ ಬಂತು. ಚಿಕ್ಕಪ್ಪ "ಶೇಕಡಾ ಅರ್ಧದ ದ್ರಾವಣ" ಅಂತ ಬರೆದಿದ್ದರು. ಅದನ್ನು "ಕಾಫಿಗೆ: 200 ಲೀಟರ್ ನೀರು, ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ" ಅಂತ ಮಾಡಿದೆ. ಕಾಳುಮೆಣಸಿಗೆ ಶೇಕಡಾ 1ರ ದ್ರಾವಣ, ಅಂದರೆ ಅಷ್ಟೇ ನೀರಿಗೆ ಎರಡೂ ತಲಾ 2 ಕಿಲೊ. ಮೊದಲು ಕಾಫಿ, ಮೆಣಸು ಎರಡೂ ಒಂದೇ ವಾಕ್ಯದಲ್ಲಿ ಸೇರಿಕೊಂಡಿದ್ದವು. ಈಗ ಬೇರೆ ಬೇರೆ ಸಾಲು. ಅಕ್ಷರದಲ್ಲಿ ಬರೆದ ಸಂಖ್ಯೆ ಓದುತ್ತಾ ಹೋಗುವಾಗ ಸಿಗುತ್ತದೆ, ಹುಡುಕುವಾಗ ಸಿಗುವುದಿಲ್ಲ. ಅದಕ್ಕೇ ಅಂಕಿ.

ಕಬ್ಬಿಣದ ಪಾತ್ರೆಯ ಮಾತನ್ನು ಅಳತೆಯ ಕೆಳಗೇ ತಂದು, ಎರಡೂ ತುದಿಗೆ ನಕ್ಷತ್ರ ಚಿಹ್ನೆ ಹಾಕಿ ದಪ್ಪ ಮಾಡಿದೆ. ದಪ್ಪ ಅಕ್ಷರ ಅದೊಂದಕ್ಕೇ. ಸುಣ್ಣ ಕಲಸಿ ಆದಮೇಲೆ ಆ ಮಾತು ಓದಿ ಏನು ಪ್ರಯೋಜನ, ಅಲ್ವಾ? ಆಮೇಲೆ ಮಾಡುವ ಕ್ರಮಕ್ಕೆ 1, 2, 3 ಅಂತ ಸಂಖ್ಯೆ. ವಾಟ್ಸಾಪ್‌ನಲ್ಲಿ 2024ರಿಂದ ಇಂಥ ಪಟ್ಟಿ ತಾನೇ ಜೋಡಣೆಯಾಗುತ್ತದೆ. ಎಲ್ಲದಕ್ಕೂ ಸಂಖ್ಯೆ ಹಾಕುವ ಚಟ ನನಗೆ ಹಿಡಿಸುವುದಿಲ್ಲ. ಇಲ್ಲಿ ಮಾತ್ರ ಬೇಕೇಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ತಿರುಗಿಸುತ್ತಾ ಸುರಿಯಬೇಕು, ಉಲ್ಟಾ ಮಾಡುವ ಹಾಗಿಲ್ಲ. ಅದಾದಮೇಲೇ ಹೊಳೆಯುವ ಚಾಕು ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ.

ಗೋಡೌನ್ ಗೋಡೆಗೆ ಅಂಟಿಸಲು ಒಂದು ಪಿಡಿಎಫ್ ಕೂಡ ಬೇಕು ಅಂದಿದ್ದರು ಚಿಕ್ಕಪ್ಪ. ಅಲ್ಲಿ ಕನ್ನಡದ್ದೇ ತಕರಾರುಗಳು. ಅವರು ಮನೆಯ ಹಳೇ ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರಿಂದ ಮೊದಲು ಯೂನಿಕೋಡ್‌ಗೆ ಬದಲಾಯಿಸಬೇಕಾಯಿತು. ಇಲ್ಲದಿದ್ದರೆ ಫೋನಿನಲ್ಲಿ ಬರೀ ಗೊಂಡಾರಣ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳು ಹತ್ತಿರವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅದಕ್ಕೆ ಅಂತರ 1.5 ಇಟ್ಟೆ. ಎರಡೂ ಅಂಚು ಸಮ ಮಾಡುವ ಆಸೆಯನ್ನೂ ಬಿಟ್ಟೆ. "ಬಳಸಬೇಕಾಗುತ್ತದೆ" ಅಂತಹ ಉದ್ದ ಪದಗಳು ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗೆ ಹಾರಿ, ಉಳಿದ ಪದಗಳ ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಸಂದಿ ಬಿಡುತ್ತವೆ. ಎಡ ಅಂಚು ನೇರವಿದ್ದರೆ ಸಾಕು.

ಪಕ್ಕದ ತೋಟದವರು ಬಂದು, ಹಸಿರು ಹಿನ್ನೆಲೆಗೆ ಹಳದಿ ಅಕ್ಷರ ಹಾಕಿ ಚಿತ್ರ ಮಾಡಿ ಕಳಿಸಿ, ಚೆಂದ ಕಾಣುತ್ತೆ ಅಂದರು. ನಾನು ಒಪ್ಪಲಿಲ್ಲ. ಚಿತ್ರದೊಳಗಿನ ಅಕ್ಷರ ಫೋನಿನ ಫಾಂಟ್ ದೊಡ್ಡದು ಮಾಡಿದರೂ ದೊಡ್ಡದಾಗದು. ಮುಂದಿನ ವರ್ಷ "ಮೈಲುತುತ್ತ" ಅಂತ ಹುಡುಕಿದರೆ ಸಿಗದು. ಕಣ್ಣು ಕಾಣದವರಿಗೆ ಫೋನ್ ಅದನ್ನು ಸಂದೇಶದ ಹಾಗೆ ಸಲೀಸಾಗಿ ಓದಿ ಹೇಳುವುದೂ ಇಲ್ಲ.

ಹೊಸದನ್ನು ರೈಟರ್‌ಗೆ ಕಳಿಸಿದೆ. ಅವರು ಏನೂ ಕೇಳಲಿಲ್ಲ. ಫೋನನ್ನು ಕಲ್ಲಿನ ಮೇಲೆ ಒರಗಿಸಿಟ್ಟು ತಕ್ಕಡಿ ತರಲು ಆಳಿಗೆ ಹೇಳಿದರು.

ಚಿಕ್ಕಪ್ಪನ ಮುಖ ಮಾತ್ರ ಸಣ್ಣಗಾಯಿತು. "ಫ್ರಾನ್ಸ್ ಎಲ್ಲೋಯ್ತೋ?" ಸಂಜೆ ಬೇರೆ ಸಂದೇಶವಾಗಿ ಕಳಿಸೋಣ ಚಿಕ್ಕಪ್ಪ, ಅಂದೆ. ದೀಪ ಹಚ್ಚುವ ಹೊತ್ತಿಗೆ ದ್ರಾಕ್ಷಿ ಕಳ್ಳರ ಕತೆ ಹೋಯಿತು, ಚಿಕ್ಕ ಚಿಕ್ಕ ಪ್ಯಾರಾಗಳಲ್ಲಿ. ಬೆಳಗಿನ ಅಳತೆಗೆ ಒಬ್ಬರೂ ಉತ್ತರ ಹಾಕಿರಲಿಲ್ಲ. ಇದಕ್ಕೆ ಹೆಬ್ಬೆರಳುಗಳ ಮೇಲೆ ಹೆಬ್ಬೆರಳು ಬಂದವು. ಚಿಕ್ಕಪ್ಪ ಊಟಕ್ಕೆ ಕೂತಾಗಲೂ ಫೋನ್ ನನ್ನ ಕಡೆ ತಿರುಗಿಸಿ, "ನೋಡ್ದಾ? ನೀನು ತೆಗೆದು ಹಾಕಿದ್ಯಲ್ಲ, ಅದೇ ಇದು" ಅಂತಿದ್ದರು.